ಲೆಕ್ಕ ತಪ್ಪಿದ ಶತಮಾನೋತ್ಸವಗಳು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನಲ್ಲಿ ಸಂಗೀತ ರಚನೆಕಾರ ಹ್ಯಾಂಡೆಲ್‌ನ ಅಮೃತಶಿಲೆಯ ಪ್ರತಿಮೆ ಇದೆ. ಅವನ ಮುಂದೆ ‘ಮೆಸ್ಸೀಯ’ ಕೃತಿಯ ಒಂದು ಹಾಡಿನ ಹಾಳೆ ಬಿಚ್ಚಿಕೊಂಡಿದೆ. ಕೆಳಗೆ ರೋಮನ್ ಅಂಕಿಗಳಲ್ಲಿ ಹುಟ್ಟಿದ ವರ್ಷ ಕೆತ್ತಿದ್ದಾರೆ: 1684. ಆದರೆ ಹ್ಯಾಂಡೆಲ್ ಹುಟ್ಟಿದ್ದು 1685ರ ಫೆಬ್ರವರಿ 23ರಂದು, ಜರ್ಮನಿಯ ಹಾಲೆ ಊರಿನಲ್ಲಿ. ತಪ್ಪು ಕಲ್ಲಿನಲ್ಲೇ ಉಳಿದುಬಿಟ್ಟಿದೆ.

ಶಿಲ್ಪಿಯನ್ನು ಬೈದು ಪ್ರಯೋಜನ ಇಲ್ಲ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಹಳೇ ಲೆಕ್ಕದಲ್ಲಿ ಫೆಬ್ರವರಿ ಅಂದರೆ ಹಿಂದಿನ ವರ್ಷದ ಬಾಲ. ಹಾಗಾಗಿ 1685ರ ಫೆಬ್ರವರಿ ಅಲ್ಲಿನವರಿಗೆ ಇನ್ನೂ 1684. ಇದರಿಂದ ಆದದ್ದೇನು ಅಂದರೆ, 1784ರಲ್ಲಿ ಲಂಡನ್ ಜನ ಹ್ಯಾಂಡೆಲ್‌ನ ಜನ್ಮಶತಮಾನೋತ್ಸವವನ್ನು ಒಂದು ವರ್ಷ ಮೊದಲೇ ಮಾಡಿ ಮುಗಿಸಿದರು. ಅವನು ತೀರಿಕೊಂಡು 25 ವರ್ಷ ಆಗಿತ್ತು ಅನ್ನೋದೊಂದೇ ಅದರಲ್ಲಿ ಸರಿಯಾಗಿದ್ದ ಲೆಕ್ಕ.

ಈಗ ನೋಡಿ, ಯಾವ ಆರ್ಕೆಸ್ಟ್ರಾದ ವರ್ಷದ ಪಟ್ಟಿ ತೆಗೆದರೂ ಯಾವುದಾದರೂ ರಚನೆಕಾರನ 100, 150, 200 ಇದ್ದೇ ಇರುತ್ತದೆ. 2024 ಅಂದರೆ ಬ್ರುಕ್ನರ್ ಹುಟ್ಟಿ 200, ಷೋನ್‌ಬರ್ಗ್ 150, ಪುಚ್ಚಿನಿ ತೀರಿಕೊಂಡು 100. 2025 ಅಂದರೆ ಯೋಹಾನ್ ಸ್ಟ್ರಾಸ್ ಹುಟ್ಟಿ 200, ರವೆಲ್ 150, ಷೊಸ್ತಕೋವಿಚ್ ತೀರಿಕೊಂಡು 50. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಈ ಅಭ್ಯಾಸ ಮೊದಲಿನಿಂದಲೂ ಇರಲಿಲ್ಲ. ಇದು ಬಂದದ್ದು ಹೇಗೆ ಎಂದು ಕೆದಕಿದರೆ ಒಂದು ತಮಾಷೆ ಕಾಣುತ್ತದೆ. ದೊಡ್ಡ ಬದಲಾವಣೆ ತಂದ ಹಬ್ಬಗಳಲ್ಲಿ ಎರಡು ತಪ್ಪು ತಾರೀಖಿನ ಮೇಲೆ ನಿಂತಿದ್ದವು.

ಹ್ಯಾಂಡೆಲ್ ಕಾಲದಲ್ಲಿ ಜನ ಕೇಳುತ್ತಿದ್ದದ್ದು ಹೆಚ್ಚಾಗಿ ಹೊಸ ಸಂಗೀತ. ಬರೆದವನು ಸತ್ತರೆ ಸಾಮಾನ್ಯವಾಗಿ ಹಾಳೆಗಳು ಕಪಾಟು ಸೇರುತ್ತಿದ್ದವು. ಲಂಡನ್ನಿನಲ್ಲಿ ಮಾತ್ರ 1776ರಲ್ಲಿ ಶ್ರೀಮಂತರು ಸೇರಿ ಒಂದು ಕಛೇರಿ ಸರಣಿ ಶುರು ಮಾಡಿದ್ದರು. ಅಲ್ಲಿ 20 ವರ್ಷಕ್ಕಿಂತ ಹಳೆಯದಾದ ಸಂಗೀತವನ್ನಷ್ಟೇ ನುಡಿಸಬೇಕು ಎಂಬುದು ನಿಯಮ. ಆ ಬಳಗದವರೇ 1784ರ ಉತ್ಸವದ ಹಿಂದೆಯೂ ಇದ್ದರು. ಮೂರನೇ ಜಾರ್ಜ್ ದೊರೆಗೆ ಹ್ಯಾಂಡೆಲ್ ಅಂದರೆ ಪ್ರಾಣ. 500ಕ್ಕೂ ಜಾಸ್ತಿ ಹಾಡುಗಾರರು, ವಾದ್ಯದವರು ಒಟ್ಟಿಗೆ ಕೂತರು. ಮೇ ತಿಂಗಳಲ್ಲಿ ಮೂರು ಕಛೇರಿ ಅಂದುಕೊಂಡಿದ್ದರು. ಜನ ಮುಗಿಬಿದ್ದ ಮೇಲೆ ಜೂನ್‌ನಲ್ಲಿ ಇನ್ನೆರಡು ಸೇರಿದವು. ಬಂದ ಹಣದಲ್ಲಿ ಪಾಲು ಕಷ್ಟದಲ್ಲಿದ್ದ ಸಂಗೀತಗಾರರ ನಿಧಿಗೆ ಹೋಯಿತು.

ಆಮೇಲೆ ಇಂಥ ಉತ್ಸವ ಮತ್ತೆ ಮತ್ತೆ ನಡೆಯಿತು. 1791ರಲ್ಲಿ ಲಂಡನ್ನಿಗೆ ಬಂದಿದ್ದ ಆಸ್ಟ್ರಿಯಾದ ರಚನೆಕಾರ ಹೈಡನ್ ಅದೇ ಅಬ್ಬೆಯಲ್ಲಿ ಕೂತು ಹ್ಯಾಂಡೆಲ್‌ನ ಕೋರಸ್‌ಗಳನ್ನು ಕೇಳಿದ. ಊರಿಗೆ ಹೋದ ಮೇಲೆ ‘ಸೃಷ್ಟಿ’ ಎಂಬ ತನ್ನ ದೊಡ್ಡ ಕೃತಿ ಬರೆದ. ಆಗ ಅವನಿಗೆ 60 ದಾಟಿತ್ತು. ಸತ್ತವನ ಹಬ್ಬ ಬದುಕಿದ್ದವನ ಕೈಯಲ್ಲಿ ಹೊಸದನ್ನು ಬರೆಸಿತು.

ಎರಡನೇ ತಪ್ಪು ಬರ್ಲಿನ್ನಿನದು. 1829ರ ಮಾರ್ಚ್ 11. ಫೆಲಿಕ್ಸ್ ಮೆಂಡೆಲ್‌ಸನ್ ಎಂಬ 20 ವರ್ಷದ ಹುಡುಗ, ಹಿಂದಿನ ಶತಮಾನದ ರಚನೆಕಾರ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಎಂಬ, ಯೇಸುವಿನ ಕೊನೆಯ ಯಾತನೆಯನ್ನು ಹಾಡಿನಲ್ಲಿ ಹೇಳುವ ಕೃತಿಯನ್ನು ನಡೆಸಿಕೊಟ್ಟ. ಹಾಳೆಗಳ ನಕಲು ಪ್ರತಿ ಅವನಿಗೆ ಅಜ್ಜಿ ಕೊಟ್ಟ ಉಡುಗೊರೆ. ಅವನ ಗುರು ತ್ಸೆಲ್ಟರ್ ನಡೆಸುತ್ತಿದ್ದ ಹಾಡುಗಾರರ ಸಂಘವೇ ಹಾಡಿದ್ದು. ಕೃತಿ ಮೊದಲು ಹಾಡಿದ್ದು 1729ರಲ್ಲಿ, ಈಗ ಸರಿಯಾಗಿ ನೂರು ವರ್ಷ ಎಂದು ಅವರೆಲ್ಲ ನಂಬಿದ್ದರು. ಟಿಕೆಟ್ ಸಿಗದೆ ವಾಪಸ್ ಹೋದವರೂ ಇದ್ದರು. ಸಭೆಯಲ್ಲಿ ದಾರ್ಶನಿಕ ಹೆಗೆಲ್, ಕವಿ ಹೈನೆ ಕೂತಿದ್ದರು. ಹತ್ತು ದಿನ ಬಿಟ್ಟು, ಬಾಖ್‌ನ ಹುಟ್ಟುಹಬ್ಬದ ದಿನವೇ ಮತ್ತೊಮ್ಮೆ ನಡೆಸಿದರು.

ಮೆಂಡೆಲ್‌ಸನ್ ಕೃತಿಯನ್ನು ಇದ್ದ ಹಾಗೇ ಬಡಿಸಲಿಲ್ಲ. ಹಲವು ಹಾಡುಗಳನ್ನು ಕತ್ತರಿಸಿದ. ಬಾಖ್ ಬಳಸಿದ್ದ ಒಂದು ಹಳೇ ಬಗೆಯ ಓಬೋ (ಊದುವ ವಾದ್ಯ) ಆಗ ಬಳಕೆಯಲ್ಲೇ ಇರಲಿಲ್ಲ, ಅದರ ಜಾಗಕ್ಕೆ ಕ್ಲಾರಿನೆಟ್ ತಂದು ಕೂರಿಸಿದ. ಇಂದಿನ ಶುದ್ಧವಾದಿಗಳು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರೋ ಏನೋ. ಆದರೆ ಕಪಾಟಿನಿಂದ ಹೊರಗೆ ತಂದವನು ಅವನೇ ಅಲ್ವಾ? ಅಂದ ಹಾಗೆ, ಅಲ್ಲಿತನಕ ಬಾಖ್‌ನನ್ನು ಲೋಕವೇ ಮರೆತಿತ್ತು ಎಂದು ಹೇಳುವುದುಂಟು. ಅದು ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು. ಅವನ ಕೀಬೋರ್ಡ್ ಕೃತಿಗಳನ್ನು ಹುಡುಗನಾಗಿದ್ದಾಗಲೇ ಬೀಥೋವನ್ ಅರೆದು ಕುಡಿದಿದ್ದ. ಬಾಖ್ ಪಾಠದ ಮನೆಯಲ್ಲಿ ಇದ್ದ, ಸಭೆಯಲ್ಲಿ ಇರಲಿಲ್ಲ, ಅಷ್ಟೇ.

ಇನ್ನು ತಪ್ಪಿನ ಕಥೆ. 1975ರಲ್ಲಿ ಜೋಶುವಾ ರಿಫ್ಕಿನ್ ಎಂಬ ವಿದ್ವಾಂಸ ಆ ಕೃತಿಯ ಮೊದಲ ಪ್ರದರ್ಶನ 1729ರಲ್ಲಿ ಅಲ್ಲ, 1727ರ ಗುಡ್ ಫ್ರೈಡೇಯಂದು ಎಂದು ವಾದ ಮಂಡಿಸಿದ. ಇವತ್ತು ಹೆಚ್ಚಿನವರು ಅದನ್ನೇ ಒಪ್ಪುತ್ತಾರೆ. ಅಂದರೆ ಸಂಗೀತ ಚರಿತ್ರೆಯ ಅತಿ ಪ್ರಸಿದ್ಧ ಶತಮಾನೋತ್ಸವ ನಡೆದದ್ದು 102ನೇ ವರ್ಷಕ್ಕೆ!

ಬಾಖ್ ಸತ್ತು ನೂರಾದಾಗ, 1850ರಲ್ಲಿ, ಲೈಪ್‌ಜಿಗ್‌ನಲ್ಲಿ ರಚನೆಕಾರ ರಾಬರ್ಟ್ ಷೂಮನ್ ಮತ್ತಿತರರು ಒಂದು ಸಂಘ ಕಟ್ಟಿದರು. ಬಾಖ್ ಬರೆದದ್ದನ್ನೆಲ್ಲ ಅಚ್ಚು ಹಾಕಿಸುವುದು ಅದರ ಕೆಲಸ. ಮುಗಿಯಲು ಸುಮಾರು 50 ವರ್ಷ ಹಿಡಿಯಿತು. 1950ರಲ್ಲಿ, 200ನೇ ವರ್ಷಕ್ಕೆ, ಷ್ಮೀಡರ್ ಎಂಬ ಗ್ರಂಥಪಾಲಕ ಅವನ ಎಲ್ಲ ಕೃತಿಗಳಿಗೂ ನಂಬರ್ ಕೊಟ್ಟು ಪಟ್ಟಿ ಹೊರತಂದ. ಈಗ ಯಾವ ಬಾಖ್ ಸಿ.ಡಿ. ತೆಗೆದರೂ ‘ಬಿ.ಡಬ್ಲ್ಯು.ವಿ.’ ಎಂದು ಕಾಣುವ ನಂಬರ್ ಅದೇ. ಹಾರ ತುರಾಯಿ ಬಾಡಿ ಹೋಗುತ್ತವೆ, ಇಂಥ ಪಟ್ಟಿಗಳು ಉಳಿಯುತ್ತವೆ. ನನ್ನ ಮಟ್ಟಿಗೆ ಇಡೀ ಸಂಭ್ರಮದಲ್ಲಿ ಹೆಚ್ಚು ಬೆಲೆ ಇರುವುದು ಈ ಗುಮಾಸ್ತೆ ಕೆಲಸಕ್ಕೆ.

ಬೀಥೋವನ್‌ನದು ಇನ್ನೊಂದು ಬಗೆಯ ಗೊಂದಲ. ಅವನಿಗೆ ತನ್ನ ವಯಸ್ಸೇ ಸರಿಯಾಗಿ ಗೊತ್ತಿರಲಿಲ್ಲ. 1810ರಲ್ಲಿ, ಮದುವೆ ಯೋಚನೆ ತಲೆಯಲ್ಲಿದ್ದಾಗ, ಹಳೇ ಗೆಳೆಯ ವೆಗೆಲರ್‌ಗೆ ಕಾಗದ ಬರೆದು ಬಾನ್ ಊರಿನ ಚರ್ಚಿನಿಂದ ತನ್ನ ದೀಕ್ಷಾಸ್ನಾನದ ಪತ್ರ ತರಿಸಿಕೊಂಡ. ಅಣ್ಣನೊಬ್ಬ ಇದ್ದ, ಅವನ ಹೆಸರೂ ಲೂಡ್‌ವಿಗ್, ಕೂಸಿನಲ್ಲೇ ತೀರಿಕೊಂಡ, ಅವನ ಪತ್ರ ಕಳಿಸಿಬಿಡಬೇಡ ಎಂದು ಎಚ್ಚರಿಕೆಯನ್ನೂ ಹೇಳಿದ್ದ. ಬಂದ ಪತ್ರದಲ್ಲಿ 1770ರ ಡಿಸೆಂಬರ್ 17 ಎಂದಿತ್ತು. ಬೀಥೋವನ್ ನಂಬಲಿಲ್ಲ. ಪತ್ರದ ಮೇಲೆಯೇ, ಇದು ಸರಿಯಿದ್ದ ಹಾಗಿಲ್ಲ, ನಾನು 1772ರವನು ಎಂದು ಬರೆದಿಟ್ಟ. ಪತ್ರವೇ ಸರಿಯಾಗಿತ್ತು. ಅವನು ಹುಟ್ಟಿದ ದಿನ ಮಾತ್ರ ಎಲ್ಲೂ ದಾಖಲಾಗಿಲ್ಲ. ಹಿಂದಿನ ದಿನ, 16 ಇರಬಹುದು ಎಂಬುದು ಅಂದಾಜು. ಪೋಲೆಂಡಿನ ರಚನೆಕಾರ ಶೋಪಾನ್‌ನದೂ ಹೀಗೇ. ಚರ್ಚಿನ ದಾಖಲೆ ಫೆಬ್ರವರಿ 22 ಅನ್ನುತ್ತದೆ, ಮನೆಯವರು ಮಾರ್ಚ್ 1 ಅನ್ನುತ್ತಿದ್ದರು.

ಬಾನ್‌ನಲ್ಲಿ ಬೀಥೋವನ್ ಪ್ರತಿಮೆ ನಿಂತದ್ದು 1845ರ ಆಗಸ್ಟ್‌ನಲ್ಲಿ, ಅವನ 75ನೇ ವರ್ಷಕ್ಕೆ. ಚಂದಾ ಹಣ ಸಾಲದೆ ಕೆಲಸ ನಿಂತಿದ್ದಾಗ ಪಿಯಾನೋ ವಾದಕ, ರಚನೆಕಾರ ಲಿಸ್ಟ್ ತನ್ನ ಕಛೇರಿಗಳ ಗಳಿಕೆ ಸುರಿದ. ಆ ನಿಧಿಗೆ ನೆರವಾಗಲೆಂದೇ ಷೂಮನ್ ಹೊಸ ಪಿಯಾನೋ ಕೃತಿ ಬರೆದ, ಮೆಂಡೆಲ್‌ಸನ್ ಕೂಡ ಬರೆದ. ಉತ್ಸವ ಹತ್ತಿರ ಬಂದಾಗ ಊರಿನಲ್ಲಿ ದೊಡ್ಡ ಹಾಲ್ ಇಲ್ಲ ಎಂದು ಹೊಳೆಯಿತು. ಎರಡು ವಾರದೊಳಗೆ ಹೊಸದೊಂದು ಎದ್ದು ನಿಂತಿತು. ಅನಾವರಣದ ದಿನ ಪ್ರಷ್ಯಾದ ದೊರೆ, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಹತ್ತಿರದ ಬಾಲ್ಕನಿಯಲ್ಲಿ ಕೂತಿದ್ದರು. ಬಟ್ಟೆ ಸರಿಸಿದರು. ಬೀಥೋವನ್ ರಾಜರಾಣಿಯರಿಗೆ ಬೆನ್ನು ತಿರುಗಿಸಿ ನಿಂತಿದ್ದ! ಯಾವ ಕಡೆ ಮುಖ ಮಾಡಿ ನಿಲ್ಲಿಸಿದ್ದೇವೆ ಎಂದು ಬಾಲ್ಕನಿ ಗೊತ್ತು ಮಾಡಿದವರು ನೋಡಿರಲಿಲ್ಲ. ಬೀಥೋವನ್‌ನ ಸ್ವಭಾವ ಬಲ್ಲವರಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಕ್ಕಿಲ್ಲ.

20ನೇ ಶತಮಾನದಲ್ಲಿ ಹಬ್ಬಕ್ಕೆ ಕಂಪನಿಗಳು ಬಂದವು. 1928ರಲ್ಲಿ ವಿಯೆನ್ನಾದ ರಚನೆಕಾರ ಷೂಬರ್ಟ್ ತೀರಿಕೊಂಡು ನೂರು ವರ್ಷ. ಸಿಂಫನಿ ಅಂದರೆ ಆರ್ಕೆಸ್ಟ್ರಾಕ್ಕೆಂದು ಬರೆದ, ಸಾಮಾನ್ಯವಾಗಿ ನಾಲ್ಕು ಭಾಗಗಳ ದೊಡ್ಡ ಕೃತಿ. ಷೂಬರ್ಟ್ ಎರಡೇ ಭಾಗ ಬರೆದು ಬಿಟ್ಟ ‘ಅಪೂರ್ಣ ಸಿಂಫನಿ’ಯನ್ನು ಪೂರ್ತಿ ಮಾಡಿದವರಿಗೆ ಬಹುಮಾನ ಎಂದು ಕೊಲಂಬಿಯಾ ರೆಕಾರ್ಡ್ ಕಂಪನಿ ಸಾರಿತು. ಅದಕ್ಕೆ ಕೈ ಹಾಕುವುದೇ ಎಂದು ಸಂಗೀತಗಾರರು ಸಿಟ್ಟಾದರು. ಕಂಪನಿ ಷರತ್ತು ಬದಲಿಸಿ, ಹೊಸ ಸಿಂಫನಿಯನ್ನೇ ಬರೆಯಿರಿ ಅಂದಿತು. 10,000 ಡಾಲರ್ ಗೆದ್ದದ್ದು ಸ್ವೀಡನ್ನಿನ ಕುರ್ಟ್ ಅಟ್ಟರ್‌ಬರ್ಗ್. ಅವನ ಆರನೇ ಸಿಂಫನಿಗೆ ಇವತ್ತಿಗೂ ‘ಡಾಲರ್ ಸಿಂಫನಿ’ ಎಂದೇ ಅಡ್ಡಹೆಸರು.

ಸರ್ಕಾರಗಳೂ ಸುಮ್ನೆ ಕೂರಲಿಲ್ಲ. 1941ರಲ್ಲಿ ಮೊಜಾರ್ಟ್ ತೀರಿಕೊಂಡು 150 ವರ್ಷ. ನಾಜಿಗಳು ಯುದ್ಧದ ನಡುವೆಯೇ ವಿಯೆನ್ನಾದಲ್ಲಿ ಒಂದು ವಾರದ ಮೊಜಾರ್ಟ್ ಉತ್ಸವ ನಡೆಸಿ, ಅವನನ್ನು ತಮ್ಮ ಆಳ್ವಿಕೆಯ ಹೆಮ್ಮೆ ಎಂಬಂತೆ ಮೆರೆಸಿದರು. 1950ರ ಬಾಖ್ ವರ್ಷಕ್ಕೆ ಜರ್ಮನಿ ಎರಡು ದೇಶ ಆಗಿತ್ತು. ಪೂರ್ವ ಭಾಗದ ಲೈಪ್‌ಜಿಗ್ ದೊಡ್ಡ ಉತ್ಸವ ಮಾಡಿ ಸ್ಪರ್ಧೆ ಏರ್ಪಡಿಸಿತು. ತೀರ್ಪುಗಾರರಲ್ಲಿ ರಷ್ಯಾದ ರಚನೆಕಾರ ಷೊಸ್ತಕೋವಿಚ್ ಇದ್ದ. ಅಲ್ಲಿ ತಟಿಯಾನಾ ನಿಕೊಲಾಯೆವಾ ಎಂಬ ಯುವ ಪಿಯಾನೋ ಕಲಾವಿದೆ ನುಡಿಸಿದ ಬಾಖ್ ಅವನ ಮನಸ್ಸಿಗೆ ನಾಟಿತು. ಮಾಸ್ಕೋಗೆ ವಾಪಸ್ ಬಂದು ಪಿಯಾನೋಗೆ, ಬಾಖ್ ಮಾದರಿಯಲ್ಲೇ, 24 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳನ್ನು ಬರೆದ. ಅದೇ ವರ್ಷ, ಫ್ರಾನ್ಸಿನ ಪ್ರಾದ್ ಎಂಬ ಪುಟ್ಟ ಊರಿನಲ್ಲಿ, ಸ್ಪೇನಿನ ಫ್ರಾಂಕೋ ಆಡಳಿತವನ್ನು ಪ್ರತಿಭಟಿಸಿ ಸಭೆಗಳಲ್ಲಿ ನುಡಿಸುವುದನ್ನೇ ಬಿಟ್ಟಿದ್ದ ಸೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಮತ್ತೆ ತನ್ನ ವಾದ್ಯ ಎತ್ತಿಕೊಂಡ. ನೆಪ ಅದೇ ಬಾಖ್‌ನ 200.

ಇತ್ತೀಚಿನ ಹಬ್ಬಗಳು ಹೆಚ್ಚಾಗಿ ಡಬ್ಬಗಳಲ್ಲಿ ಬರುತ್ತವೆ. 2016ರಲ್ಲಿ ಮೊಜಾರ್ಟ್‌ನ 225ನೇ ಪುಣ್ಯತಿಥಿಗೆ 200 ಸಿ.ಡಿ.ಗಳ ಪೆಟ್ಟಿಗೆ ಬಂತು. ಮಾರಿದ್ದು ಕೆಲವೇ ಸಾವಿರ. ಪೆಟ್ಟಿಗೆಯ ಒಂದೊಂದು ಸಿ.ಡಿ.ಯನ್ನೂ ಬೇರೆ ಬೇರೆ ಎಣಿಸಿ, ಆ ವರ್ಷ ಅತಿ ಹೆಚ್ಚು ಸಿ.ಡಿ. ಮಾರಿದವನು ಮೊಜಾರ್ಟ್ ಎಂದು ಸುದ್ದಿಯಾಯಿತು. 225 ಎಂಬ ಅಂಕಿಯೇ ಸ್ವಲ್ಪ ಎಳೆದು ತಂದ ಹಾಗಿಲ್ವಾ? ನನಗೆ ಈ ಎಲ್ಲದರಲ್ಲಿ ಇರುವ ದೂರು ಅದೇ. ಮೊಜಾರ್ಟ್, ಬೀಥೋವನ್‌ರನ್ನು ನುಡಿಸಲು ಯಾರಿಗೂ ನೆಪ ಬೇಡ. ನೆಪ ಬೇಕಾದವರು ಬೇರೆ ಇದ್ದಾರೆ. 2019ರಲ್ಲಿ ಪಿಯಾನೋ ಕಲಾವಿದೆ, ರಚನೆಕಾರ್ತಿ ಕ್ಲಾರಾ ಷೂಮನ್ ಹುಟ್ಟಿ 200 ವರ್ಷ ಆಯಿತು. ಗಂಡ ರಾಬರ್ಟ್‌ನ ಹೆಸರಿನ ಹಿಂದೆಯೇ ನೆನಪಾಗುತ್ತಿದ್ದ ಅವಳ ಪಿಯಾನೋ ಕಾನ್ಸರ್ಟೊವನ್ನು (ಪಿಯಾನೋ, ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಆ ವರ್ಷ ಅನೇಕ ಕಡೆ ನುಡಿಸಿದರು. ಅದನ್ನು ಬರೆದು ಮುಗಿಸಿ ಸಭೆಯಲ್ಲಿ ತಾನೇ ನುಡಿಸಿದಾಗ ಅವಳಿಗೆ 16 ವರ್ಷ.

2020 ಬೀಥೋವನ್‌ನ 250. ಜರ್ಮನಿ ಭಾರೀ ತಯಾರಿ ಮಾಡಿಕೊಂಡಿತ್ತು. ಮಾರ್ಚ್ ಹೊತ್ತಿಗೆ ಕೊರೊನಾ ಬಂದು ಹಾಲ್‌ಗಳಿಗೆ ಬೀಗ ಬಿತ್ತು. ಬಾನ್‌ನವರು ಹಬ್ಬವನ್ನು 2021ಕ್ಕೂ ಎಳೆದರು. ತನ್ನನ್ನು 1772ರವನು ಎಂದು ನಂಬಿದ್ದವನಿಗೆ ಒಂದು ವರ್ಷ ಹೆಚ್ಚುಕಮ್ಮಿ ಆದರೆ ಬೇಜಾರಾಗುತ್ತಿರಲಿಲ್ಲ.

ಮುಂದಿನದು 2027. ಬೀಥೋವನ್ ತೀರಿಕೊಂಡದ್ದು 1827ರ ಮಾರ್ಚ್ 26ರಂದು, ವಿಯೆನ್ನಾದಲ್ಲಿ, ಗುಡುಗು ಮಿಂಚಿನ ಸಂಜೆ. ಈ ತಾರೀಖಿನ ಬಗ್ಗೆ ಯಾರ ತಕರಾರೂ ಇಲ್ಲ. ಅದೇ 2027ಕ್ಕೆ ಬಾಖ್‌ನ ‘ಮ್ಯಾಥ್ಯೂ ಪ್ಯಾಶನ್’ಗೆ, ತಿದ್ದಿದ ಲೆಕ್ಕದ ಪ್ರಕಾರ, 300 ವರ್ಷ. ಅದು ಗುಡ್ ಫ್ರೈಡೇಗೆಂದೇ ಬರೆದ ಕೃತಿ. 2027ರ ಗುಡ್ ಫ್ರೈಡೇ ಯಾವತ್ತು ಎಂದು ಕ್ಯಾಲೆಂಡರ್ ನೋಡಿದೆ. ಮಾರ್ಚ್ 26. ಆ ಸಂಜೆ ಯಾರದನ್ನು ಹಾಕುವುದು ಎಂದು ಹಾಲ್‌ನವರು ಈಗಿನಿಂದಲೇ ತಲೆ ಕೆರೆದುಕೊಳ್ಳಬೇಕು.