ಹಕ್ಕಿ ಚಿತ್ರಕ್ಕೆ ಐಎಸ್‌ಒ ಎಷ್ಟಿಡಲಿ?

ಪ್ರಶ್ನೆ: ನನ್ನದು 400 ಎಂಎಂ ಲೆನ್ಸ್. ಗ್ರೇನ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ಬರಬಾರದೆಂದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400 ದಾಟಿಸುವುದಿಲ್ಲ. ಆದರೂ ಹಕ್ಕಿಗಳು ಮಸುಕಾಗೇ ಬರುತ್ತವೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ತೊಂದರೆ ಇರುವುದೇ ಆ 400ರಲ್ಲಿ. ಬೆಳಕು ಇಳಿದಾಗ ಐಎಸ್‌ಒ ಏರಲು ಬಿಡದಿದ್ದರೆ ಶಟರ್ (ಬೆಳಕು ಬಿಡಲು ತೆರೆದು ಮುಚ್ಚುವ ಪರದೆ) ನಿಧಾನವಾಗಲೇಬೇಕು. ಗ್ರೇನ್ಸನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು. ಅಲುಗಾಡಿದ ಚಿತ್ರಕ್ಕೆ ಮದ್ದಿಲ್ಲ. ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸಿದರೂ ಗ್ರೇನ್ಸ್ ತಪ್ಪುವುದಿಲ್ಲ.

ಹಾಗಾಗಿ ಮೊದಲು ಶಟರ್. 400 ಎಂಎಂಗೆ ಕನಿಷ್ಠ 1/400 ಸೆಕೆಂಡ್ ಎಂಬ ಹಳೆಯ ಲೆಕ್ಕ ಕೈನಡುಕಕ್ಕೆ ಮಾತ್ರ (1.5 ಕ್ರಾಪ್, ಅಂದರೆ ಪೂರ್ಣ ಗಾತ್ರಕ್ಕಿಂತ ಚಿಕ್ಕ ಸೆನ್ಸರ್ ಆದರೆ 1/600). ಲೆನ್ಸ್‌ನ ಸ್ಟೆಬಿಲೈಸೇಶನ್ ತಡೆಯುವುದೂ ಕೈನಡುಕವನ್ನೇ, ಹಕ್ಕಿಯ ಚಲನೆಯನ್ನಲ್ಲ. ಕೊಂಬೆಯ ಮೇಲಿನ ಸಣ್ಣ ಹಕ್ಕಿ ಕೂತಲ್ಲೇ ಕತ್ತು ಹೊರಳಿಸುತ್ತಿರುತ್ತದೆ, 1/1000 ಇಡಿ. ಹಾರುತ್ತಿದ್ದರೆ 1/2000, ರೆಕ್ಕೆ ಪಟಪಟಿಸುವ ಚಿಕ್ಕವಕ್ಕೆ 1/3200. ಮೀನಿಗಾಗಿ ಅಲ್ಲಾಡದೆ ನಿಂತ ಕೊಕ್ಕರೆಗಾದರೆ, ಟ್ರೈಪಾಡ್ ಇದ್ದಲ್ಲಿ, 1/250 ಕೂಡ ಸಾಕು.

ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬಿಡುವ ಕಿಂಡಿ) ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಎಫ್/5.6 ಆಗಲಿ, 6.3 ಆಗಲಿ, ಲೆನ್ಸ್ ತೆರೆಯುವಷ್ಟು ತೆರೆಯಿರಿ. ಹಕ್ಕಿಯನ್ನು ಇನ್ನೂ ದೊಡ್ಡದಾಗಿಸುವ 1.4ಎಕ್ಸ್ ಟೆಲಿಕನ್ವರ್ಟರ್ ಹಾಕಿದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ಹೋಗುತ್ತದೆ, ಅಷ್ಟು ನೆನಪಿರಲಿ.

ಶಟರ್, ಅಪರ್ಚರ್ ಎರಡನ್ನೂ ಮ್ಯಾನುಯಲ್ ಮೋಡ್‌ನಲ್ಲಿ ನೀವೇ ಇಟ್ಟು, ಐಎಸ್‌ಒ ಆಟೋಗೆ ಬಿಡಿ. ಮೇಲ್ಮಿತಿ 6400 ಇರಲಿ. ಹೊಸ ಕ್ಯಾಮೆರಾ ಆದರೆ ಇನ್ನೂ ಮೇಲೆ ಹೋಗಬಹುದು.

ನಿಜವಾದ ಚಾತುರ್ಯ ಬೇಕಿರುವುದು ಎಕ್ಸ್‌ಪೋಶರ್ ಕಾಂಪೆನ್ಸೇಶನ್‌ನಲ್ಲಿ, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನೀವೇ ಏರಿಸುವ, ಇಳಿಸುವ ಸೌಲಭ್ಯದಲ್ಲಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಚೌಕಟ್ಟಿನೊಳಗಿನದ್ದನ್ನೆಲ್ಲ ಮಧ್ಯಮ ಬೂದು ಎಂದೇ ಭಾವಿಸುತ್ತದೆ. ಬಿಳಿಚಿದ ಆಕಾಶದ ಎದುರು ಹದ್ದು ಬರೀ ಕಪ್ಪು ಆಕೃತಿಯಾಗುತ್ತದೆ. +1ರಿಂದ +2ರವರೆಗೆ ಏರಿಸಿ. ಕಡುಹಸಿರು ಪೊದೆಯ ಮುಂದಿನ ಬೆಳ್ಳಕ್ಕಿಯ ಗರಿಗಳೆಲ್ಲ ಒಂದೇ ಬಿಳಿ ಮುದ್ದೆಯಾಗುತ್ತವೆ, −1ಕ್ಕೆ ಇಳಿಸಿ. ಮ್ಯಾನುಯಲ್ ಮತ್ತು ಆಟೋ ಐಎಸ್‌ಒ ಒಟ್ಟಿಗಿದ್ದಾಗ ಕೆಲವು ಹಳೆಯ ಕ್ಯಾಮೆರಾಗಳು ಈ ಕಾಂಪೆನ್ಸೇಶನ್‌ಗೆ ಒಪ್ಪುವುದಿಲ್ಲ, ಮೊದಲೇ ಪರೀಕ್ಷಿಸಿಕೊಳ್ಳಿ.

ಅದೇ ಬೆಳ್ಳಕ್ಕಿ ಪೊದೆಯಿಂದ ಎದ್ದು ಆಕಾಶಕ್ಕೆ ಹಾರಿದರೆ? ಹಿನ್ನೆಲೆ ಕ್ಷಣದಲ್ಲಿ ಬದಲಾಯಿತು, ಹಕ್ಕಿಯ ಮೇಲಿನ ಬಿಸಿಲು ಬದಲಾಗಲಿಲ್ಲ. ಆಟೋ ಐಎಸ್‌ಒ ಮೋಸಹೋಗುವುದು ಇಲ್ಲೇ. ಬಿಸಿಲು ಒಂದೇ ಸಮನಿದ್ದಾಗ ಐಎಸ್‌ಒ ಕೂಡ ಕೈಯಲ್ಲೇ ಇಟ್ಟು, ಒಂದು ಚಿತ್ರ ತೆಗೆದು, ಬಿಳಿ ಗರಿಯ ಮೇಲೆ ಹೈಲೈಟ್ ಎಚ್ಚರಿಕೆ (ಬೆಳಕು ಅತಿಯಾದ ಜಾಗವನ್ನು ಪರದೆಯಲ್ಲಿ ತೋರಿಸುವ ಸೂಚನೆ) ಮಿನುಗದಷ್ಟು ಹೊಂದಿಸಿಕೊಳ್ಳಿ. ಮೋಡ ಅಡ್ಡ ಬರುವವರೆಗೆ ಮತ್ತೆ ಮುಟ್ಟಬೇಕಿಲ್ಲ.