ಬಸ್ ಟಿಕೆಟ್ ಮಾಸುವ ಮೊದಲು

ಸ್ಕ್ರಾಪ್‌ಬುಕ್, ಅಂದರೆ ಟಿಕೆಟ್, ಫೋಟೊ, ಹೂವು ಅಂಟಿಸಿ ಪಕ್ಕದಲ್ಲಿ ನೆನಪು ಬರೆದಿಡುವ ಪುಸ್ತಕ, ಶುರುಮಾಡುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಸ್ಟಿಕ್ಕರ್, ಬಣ್ಣದ ಟೇಪು. ನಿಜವಾಗಿ ಬೇಕಾದದ್ದು ಒಂದು ಪೆನ್ನು ಮತ್ತು ಅದೇ ದಿನ ಸಂಜೆಯ ಹತ್ತು ನಿಮಿಷ. ಶಿವಮೊಗ್ಗದಿಂದ ಸಾಗರಕ್ಕೆ ಹೋದ ಬಸ್ಸಿನ ಟಿಕೆಟ್ ಐದು ವರ್ಷ ಕಳೆದ ಮೇಲೆ ಬರೀ ದರ, ತಾರೀಕು. ಪಕ್ಕದಲ್ಲಿ ‘ಅಜ್ಜಿಗೆ ಕಿಟಕಿ ಸೀಟು ಸಿಕ್ಕಿತು, ಆನಂದಪುರ ಬರುವಷ್ಟರಲ್ಲಿ ಕಡಲೆಕಾಯಿ ಖಾಲಿ’ ಎಂದಿದ್ದರೆ ಆ ಪ್ರಯಾಣ ಉಳಿದಂತೆ.

‘ತುಂಬಾ ಖುಷಿಯಾಯಿತು’ ಎಂದು ಬರೆಯಬೇಡಿ. ಹತ್ತು ಪುಟಗಳಲ್ಲಿ ಅದೇ ಮಾತಿದ್ದರೆ ಯಾವ ದಿನ ಯಾವುದೆಂದು ನಿಮಗೇ ತಿಳಿಯದು. ಯಾರಿದ್ದರು, ಏನಂದರು, ಒಂದು ಮೊಳ ಮಲ್ಲಿಗೆಗೆ ಎಷ್ಟು ಕೊಟ್ಟಿರಿ, ಅಡುಗೆಮನೆಯಿಂದ ಯಾವ ವಾಸನೆ ಬರುತ್ತಿತ್ತು, ಇಷ್ಟು ನಾಲ್ಕೈದು ಸಾಲಿನಲ್ಲಿ ಸಾಕು. ಮನೆಯವರ ಮಾತನ್ನು ಅವರ ಆಡುನುಡಿಯಲ್ಲೇ ಬರೆಯಿರಿ, ತಿದ್ದಬೇಡಿ. ದಿನವೂ ಬರೆಯಲೇಬೇಕೆಂಬ ಹಟ ಬೇಡ. ವಾರಕ್ಕೆ ಎರಡು ಪುಟವಾದರೆ ಬಹುಕಾಲ ನಡೆಯುತ್ತದೆ, ದಿನಕ್ಕೊಂದು ಪುಟ ಬಹುತೇಕರಲ್ಲಿ ತಿಂಗಳೊಳಗೆ ನಿಲ್ಲುತ್ತದೆ.

ಇನ್ನು ವಸ್ತುಗಳ ವಿಚಾರ. ಹೆಚ್ಚು ಜನ ನಿರಾಶರಾಗುವುದು ಇಲ್ಲೇ. ಕಂಡಕ್ಟರ್ ಯಂತ್ರದಿಂದ ಹರಿದುಕೊಡುವ ಟಿಕೆಟ್, ಹೋಟೆಲ್ ಬಿಲ್, ಎಟಿಎಂ ಚೀಟಿ ಸಾಮಾನ್ಯವಾಗಿ ಥರ್ಮಲ್ ಕಾಗದದವು. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಕೆಲವು ಅಂಟುಗಳ ದ್ರಾವಕ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆ ತಗುಲಿದರೆ ಆ ಅಕ್ಷರ ಅಳಿಸಿಹೋಗುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ಚೀಟಿಯೇ ಕಪ್ಪಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಸಿಕ್ಕ ಮೊದಲ ಶೂನ್ಯ ದರದ ಟಿಕೆಟ್ ಎತ್ತಿಟ್ಟವರು ಈಗಲೇ ತೆಗೆದು ನೋಡಿ. ಅಕ್ಷರ ಕಾಣುತ್ತಿದ್ದರೆ ಇಂದೇ ಜೆರಾಕ್ಸ್ ಮಾಡಿಸಿ, ಪ್ರತಿಯನ್ನು ಪುಟಕ್ಕೆ ಅಂಟಿಸಿ; ಮೂಲವನ್ನು ಬೇರೆ ಕಾಗದದ ಲಕೋಟೆಯಲ್ಲಿಡಿ.

ಫೋಟೊಗಳಿಗೆ ಅಂಟೇ ಬೇಡ. ನಾಲ್ಕು ಮೂಲೆಗೆ ಕಾಗದದ ಮೂಲೆಪಟ್ಟಿ ಹಚ್ಚಿ ಅದರೊಳಗೆ ಸಿಕ್ಕಿಸಿದರೆ ಬೇಕೆಂದಾಗ ತೆಗೆಯಬಹುದು. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಹಳೆಯ ಆಲ್ಬಂಗಳಲ್ಲಿ ಫೋಟೊ ಕಚ್ಚಿಕೊಂಡು, ಎಳೆದರೆ ಹರಿಯುತ್ತದೆ. ಪಾರದರ್ಶಕ ಟೇಪು ಕ್ರಮೇಣ ಹಳದಿಯಾಗಿ ಜಿಗುಟು ಬಿಡುತ್ತದೆ. ಬಿಳಿ ಅಂಟು ಹಾಕುವುದಾದರೆ ತೆಳುವಾಗಿ, ಅಂಚಿಗೆ ಮಾತ್ರ. ಧಾರಾಳವಾಗಿ ಬಳಿದರೆ ನೀರಿನಂಶಕ್ಕೆ ಪುಟ ಸುಕ್ಕುಗಟ್ಟುತ್ತದೆ. ಮೈದಾ ಗೋಂದಂತೂ ಬೇಡ, ಸಿಲ್ವರ್‌ಫಿಶ್ ಹುಳುವಿಗೆ ಅದು ಪ್ರಿಯ ಆಹಾರ.

ಪುಸ್ತಕಕ್ಕೆ 120ರಿಂದ 160 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಆಮ್ಲರಹಿತ ಕಾಗದ ಒಳ್ಳೆಯದು, ಸುರುಳಿ ಬೈಂಡಿಂಗ್ ಇನ್ನೂ ಅನುಕೂಲ. ಹೊಲಿಗೆ ಬೈಂಡಿಂಗ್ ಇದ್ದರೆ ಮೂರು ಹಾಳೆಗೊಂದನ್ನು ಬೆನ್ನಿನ ಬಳಿ ಒಂದು ಸೆಂ.ಮೀ. ಬಿಟ್ಟು ಕತ್ತರಿಸಿ. ಹಾಗೆ ಮಾಡದಿದ್ದರೆ ಅಂಟಿಸಿದ್ದರ ದಪ್ಪಕ್ಕೆ ಪುಸ್ತಕ ಬಾಯಿ ಬಿಡುತ್ತದೆ.

ಲಗ್ನಪತ್ರಿಕೆಯ ಮೂಲೆಯ ಅರಿಶಿನ-ಕುಂಕುಮವನ್ನು ಒರೆಸಬೇಡಿ, ಆ ಗುರುತೇ ಮನೆಯವರ ಕೈ. ಎದುರು ಪುಟಕ್ಕೆ ಬಣ್ಣ ಹತ್ತದಂತೆ ನಡುವೆ ಬಟರ್ ಪೇಪರ್ ಇಡಿ. ಸುದ್ದಿಪತ್ರಿಕೆಯ ತುಣುಕುಗಳಿಗೂ ಇದೇ ಕ್ರಮ: ನ್ಯೂಸ್‌ಪ್ರಿಂಟ್ ತಾನೂ ಹಳದಿಯಾಗುತ್ತದೆ, ಪಕ್ಕದ ಫೋಟೊಗೂ ಕಲೆ ಹತ್ತಿಸುತ್ತದೆ.

ಹೂವು ಒಣಗಿಸಲು ಪೂಜೆಯ ಮಾಲೆಯ ಸೇವಂತಿಗೆಯನ್ನು ಇಡಿಯಾಗಿ ಒತ್ತಬೇಡಿ. ನಡುಭಾಗ ದಪ್ಪ, ಒಳಗೆ ಬೂಷ್ಟು ಹಿಡಿಯುತ್ತದೆ. ಎಸಳು ಬಿಡಿಸಿ, ಹೀರುವ ಕಾಗದದ ನಡುವೆ ಭಾರವಿಟ್ಟು, ಮೊದಲ ನಾಲ್ಕೈದು ದಿನ ಕಾಗದ ಬದಲಿಸುತ್ತಿರಿ. ಎರಡು ಮೂರು ವಾರ ಬೇಕು. ಮಲ್ಲಿಗೆ ಹೇಗೆ ಒತ್ತಿದರೂ ಕಂದಾಗುತ್ತದೆ, ಅದನ್ನು ಒಪ್ಪಿಕೊಂಡೇ ಇಡಬೇಕು.

ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದಿರಲಿ. ಪುಸ್ತಕವಿಟ್ಟ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಎರಡು ವಾರಕ್ಕೊಮ್ಮೆ ತೆರೆದು ಫ್ಯಾನಿನ ಕೆಳಗೆ ಅರ್ಧ ಗಂಟೆ ಪುಟ ಬಿಡಿಸಿಡಿ, ಬಿಸಿಲಿಗೆ ಬೇಡ.