ಆನ್ ಹ್ಯಾಥವೇ ತವರು ಹುಡುಕುವುದು: ಹಳೆಯ ಇಂಗ್ಲಿಷ್ ದಾಖಲೆಗಳ ಟಿಪ್ಪಣಿ

ಹದಿನಾರನೇ ಶತಮಾನದ ಇಂಗ್ಲೆಂಡಿನ ರೈತರ ಮನೆ ಹೆಣ್ಣುಮಗಳ ತವರು ಪತ್ತೆ ಮಾಡಬೇಕಾದರೆ ಅವಳ ಹೆಸರೊಂದನ್ನೇ ನಂಬಬಾರದು. ಅವಳ ಪರವಾಗಿ ಯಾರು ನಿಂತರು ಅಂತ ನೋಡಬೇಕು. ಇದನ್ನು ಕಲಿಯಲು ಆನ್ ಹ್ಯಾಥವೇಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗಂಡ ಶೇಕ್ಸ್‌ಪಿಯರ್ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಹುಟ್ಟಿನ ದಾಖಲೆ ಇಲ್ಲ. ಚರ್ಚುಗಳು ರಿಜಿಸ್ಟರ್ ಇಡಬೇಕೆಂಬ ಆಜ್ಞೆ ಬಂದದ್ದು 1538ರಲ್ಲಿ. ಅವಳು ಬಾಳಿದ ಊರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಉಳಿದಿರುವುದು 1558ರಿಂದ ಈಚಿನದು. 1623ರ ಆಗಸ್ಟ್ 6ರಂದು ತೀರಿಕೊಂಡಾಗ 67 ವರ್ಷ ಎಂದು ಸಮಾಧಿಫಲಕ ಹೇಳುತ್ತದೆ. ಅಂದರೆ ಹುಟ್ಟಿದ್ದು 1555–56.

ಈಗ ಕಗ್ಗಂಟು. ಅವಳ ಅಪ್ಪನೆಂದು ಹೇಳುವ, ಸ್ಟ್ರಾಟ್‌ಫರ್ಡ್ ಪಕ್ಕದ ಶಾಟರಿ ಹಳ್ಳಿಯ ರೈತ ರಿಚರ್ಡ್ ಹ್ಯಾಥವೇ 1581ರಲ್ಲಿ ಬರೆಸಿದ ಉಯಿಲಿನಲ್ಲಿ ಆನ್ ಎಂಬ ಮಗಳೇ ಇಲ್ಲ. ಆಗ್ನೆಸ್ ಇದ್ದಾಳೆ, ಮದುವೆಗೆಂದು ಅವಳಿಗೆ 6 ಪೌಂಡ್ 13 ಶಿಲಿಂಗ್ 4 ಪೆನ್ಸ್ ಇಟ್ಟಿದ್ದಾನೆ. ಆಗ ಈ ಎರಡು ಹೆಸರುಗಳನ್ನು ಒಂದರ ಬದಲು ಇನ್ನೊಂದು ಬಳಸುತ್ತಿದ್ದರು, ನಿಜ. ಆದರೆ ಅಷ್ಟರಿಂದಲೇ ಇವಳೇ ಅವಳು ಅನ್ನಲಾಗದು. ಮದುವೆಯ ಮುಚ್ಚಳಿಕೆ ತೆಗೆಯಿರಿ: 1582ರ ನವೆಂಬರ್ 28, ಮೊತ್ತ 40 ಪೌಂಡ್. ಮದುವೆಗೆ ಅಡ್ಡಿಯೇನಾದರೂ ಹೊರಬಿದ್ದರೆ ಬಿಷಪ್ಪರಿಗೆ ನಷ್ಟವಾಗಬಾರದೆಂದು ಬರೆಸಿಕೊಂಡದ್ದು. ಜಾಮೀನು ನಿಂತವರು ಫಲ್ಕ್ ಸ್ಯಾಂಡೆಲ್ಸ್ ಮತ್ತು ಜಾನ್ ರಿಚರ್ಡ್‌ಸನ್. ಈ ಎರಡು ಹೆಸರು ಹಿಡಿದು ಮತ್ತೆ ಉಯಿಲಿಗೆ ಹೋಗಿ. ಉಯಿಲಿನ ಮೇಲ್ವಿಚಾರಕ ಸ್ಯಾಂಡೆಲ್ಸ್, ಸಾಕ್ಷಿ ರಿಚರ್ಡ್‌ಸನ್! ಅಪ್ಪ ತೀರಿಕೊಂಡಿದ್ದಾನೆ, ಅವನು ನಂಬಿದ್ದ ಇಬ್ಬರೇ ಮಗಳ ಮದುವೆಗೆ ಹೊಣೆ ಹೊತ್ತಿದ್ದಾರೆ. ಆಗ್ನೆಸ್ಸೇ ಆನ್ ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಮುಚ್ಚಳಿಕೆಯ ಹಿಂದಿನ ದಿನ ಬಿಷಪ್ಪರ ರಿಜಿಸ್ಟರಿನಲ್ಲಿ ವಧುವಿನ ಹೆಸರು ಆನ್ ವೇಟ್ಲಿ ಎಂದಿದೆ. ಅದರ ಮೇಲೆ ಕಥೆಗಳು ಬಹಳ. ನನ್ನ ಪ್ರಕಾರ ಗುಮಾಸ್ತನ ಒಂದು ಸಾಲಿಗಿಂತ ಜಾಮೀನಿನ ಪತ್ರವೇ ಮೇಲು.

ಇಸವಿಯ ಲೆಕ್ಕವೂ ಗೊತ್ತಿರಲಿ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆನ್‌ಳ ಮೊದಲ ಮಗಳು ಸುಸಾನಾಳ ದೀಕ್ಷಾಸ್ನಾನ 1583ರ ಮೇ 26. ಅವಳಿ ಮಕ್ಕಳದು ಆಗಿನ ಲೆಕ್ಕದಲ್ಲಿ 1584ರ ಫೆಬ್ರವರಿ 2. ಹಾಗೇ ಓದಿದರೆ ನಡುವೆ ಎಂಟೇ ತಿಂಗಳು! ಆದರೆ ಆ ಫೆಬ್ರವರಿ ಬಂದದ್ದು 1584ರ ಡಿಸೆಂಬರ್ ಆದಮೇಲೆ, ನಮ್ಮ ಲೆಕ್ಕಕ್ಕೆ 1585. ಆದ್ದರಿಂದ ಅಂತರ ಇಪ್ಪತ್ತು ತಿಂಗಳು. ಜನವರಿಯಿಂದ ಮಾರ್ಚ್ 24ರವರೆಗಿನ ದಿನಾಂಕಗಳನ್ನು 1584/85 ಎಂದು ಎರಡೂ ಇಸವಿ ಸೇರಿಸಿ ಬರೆದುಕೊಳ್ಳಿ.